ಸಪಾಟು ನೆಲದ ಕಾರ್ಯದರ್ಶಿ

ಜಂಬ ಪಡಬಾರದು ಎಂದು ನನಗೆ ಚಿಕ್ಕಂದಿನಲ್ಲಿ ಹೇಳಿಕೊಟ್ಟವನು ನನ್ನ ಸೋದರಮಾವ. ತನ್ನಷ್ಟು ವಿನಯವಂತ ಈ ಸೀಮೆಯಲ್ಲೇ ಇನ್ನೊಬ್ಬನಿಲ್ಲ ಎಂದು ಅವನು ಮನೆಗೆ ಬಂದವರ ಮುಂದೆಲ್ಲ ಹೇಳಿಕೊಳ್ಳುತ್ತಿದ್ದ. ಆದ್ದರಿಂದ ಆ ಪಾಠ ನನ್ನ ತಲೆಗೆ ಅರ್ಧ ಮಾತ್ರ ಹತ್ತಿತು. ಮನುಷ್ಯ ಅಂದಮೇಲೆ ಯಾವುದಾದರೊಂದರ ಹೆಮ್ಮೆ ಇರಲೇಬೇಕು ಎಂಬುದು ನನ್ನ ಅಭಿಪ್ರಾಯ. ಕೆಲವರಿಗೆ ಮಗ ಪರೀಕ್ಷೆ ಪಾಸು ಮಾಡಿದ ಹೆಮ್ಮೆ, ಕೆಲವರಿಗೆ ಹಸು ಕೊಡುವ ಹಾಲಿನ ಹೆಮ್ಮೆ. ನಮ್ಮ ತಾಲ್ಲೂಕು ಕಚೇರಿಯ ಶಿರಸ್ತೇದಾರರಿಗೆ ತಮ್ಮ ಕೆಮ್ಮಿನದೇ ಹೆಮ್ಮೆ. ಚಿಕ್ಕಮಗಳೂರಿನ ದೊಡ್ಡ ಡಾಕ್ಟರಿಗೂ ಬಗ್ಗದ ಕೆಮ್ಮು ಅದು. ನನಗೆ ಹೆಮ್ಮೆ ಇರುವುದು ಒಂದು ತುಂಡು ಸಪಾಟು ನೆಲದ ಬಗ್ಗೆ. ಅದು ನನ್ನದಲ್ಲ, ನಮ್ಮಪ್ಪ ಬಿಟ್ಟುಹೋದದ್ದೂ ಅಲ್ಲ, ಮೂಡಿಗೆರೆಯ ಮುನಿಸಿಪಾಲಿಟಿಯದು. ಆದರೂ ಅದರ ಮಾತು ಬಂದರೆ ಸಾಕು, ಕೋಟಿನ ಗುಂಡಿ ಕಿತ್ತುಬರುವಷ್ಟು ನನ್ನ ಎದೆ ಉಬ್ಬುತ್ತದೆ.

ಬಯಲುಸೀಮೆಯವರಿಗೆ ಇದು ಅರ್ಥವಾಗುವುದಿಲ್ಲ. ನನ್ನ ಷಡ್ಡಕ ಕಡೂರಿನ ಕಡೆಯವನು. ಅವನಿಗೆ ಈ ನೆಲವನ್ನು ತೋರಿಸಲೆಂದೇ ಕರೆದುಕೊಂಡು ಹೋದೆ. ಅವನು ಸುತ್ತಮುತ್ತ ನೋಡಿ, "ಎಲ್ಲಿ, ಏನೂ ಕಾಣ್ತಿಲ್ವಲ್ಲ?" ಎಂದ. ಏನೂ ಕಾಣದಿರುವುದೇ ಅದರ ಹೆಚ್ಚುಗಾರಿಕೆ ಎಂದು ನಾನು ಹೇಳಿದ್ದು ಅವನ ಕಿವಿಗೆ ಬೀಳಲಿಲ್ಲ. ಅವನ ಊರಿನಲ್ಲಿ ಕಣ್ಣು ಹಾಯುವವರೆಗೆ ಸಪಾಟು. ದೇವರು ಲಟ್ಟಣಿಗೆಯಿಂದ ಲಟ್ಟಿಸಿ ಕೆಳಗಿಟ್ಟ ಊರು ಅದು. ನಮ್ಮದು ಹಾಗಲ್ಲ. ನಮ್ಮ ಬೀದಿಯಲ್ಲಿ ಒಂದು ಮನೆಯ ಹೊಸ್ತಿಲು ಪಕ್ಕದ ಮನೆಯ ಹೆಂಚಿನ ಎತ್ತರಕ್ಕೆ ಇರುತ್ತದೆ. ದಾರಿಯಲ್ಲಿ ನಿಂತು ಇಬ್ಬರು ಮಾತಾಡಿದರೆ ಕುಳ್ಳನೂ ಉದ್ದದವನೂ ಸಮನಾಗುತ್ತಾರೆ, ಯಾರು ಮೇಲಿನ ಕಡೆ ನಿಂತಿದ್ದಾರೆ ಎಂಬುದರ ಮೇಲೆ. ಸಪಾಟು ನೆಲ ಎಂದು ಇದ್ದರೆ ಅದು ತೋಟದವರ ಕಾಫಿ ಒಣಗಿಸುವ ಕಣ, ಇಲ್ಲವೇ ಊರಾಚೆಯ ಬಿಳಿ ದೊರೆಗಳ ಕ್ಲಬ್ಬಿನ ಟೆನ್ನಿಸ್ ಅಂಗಳ. ಆ ಅಂಗಳವನ್ನು ನಾವು ಬೇಲಿಯ ಸಂದಿಯಿಂದ ನೋಡಿದ್ದೇ ಹೊರತು ಕಾಲಿಟ್ಟವರಲ್ಲ.

ಹಾಗೆ ಇಣುಕಿ ನೋಡಿ ನೋಡಿ ಹೊಟ್ಟೆ ಉರಿದಿದ್ದ ಕಾಲಕ್ಕೇ ಮೈಸೂರಿನಿಂದ ಹೊಸ ಅಮಲ್ದಾರರು ವರ್ಗವಾಗಿ ಬಂದರು. ಬರುವಾಗ ಬಾಲ್ ಬ್ಯಾಡ್ಮಿಂಟನ್ನಿನ ರಾಕೆಟ್ಟುಗಳ ಒಂದು ಕಟ್ಟು, ನೆಟ್ಟು, ಹಳದಿ ಉಣ್ಣೆಯ ಚೆಂಡು ಎಲ್ಲ ತಂದಿದ್ದರು. ಆಡಲು ಜಾಗ ಒಂದನ್ನು ತಂದಿರಲಿಲ್ಲ. ಅಮಲ್ದಾರರು ಬಯಸಿದ ಮೇಲೆ ಮುನಿಸಿಪಾಲಿಟಿ ಸುಮ್ಮನಿರುತ್ತದೆಯೇ? ಸಂತೆಮಾಳದ ಹಿಂದಿನ ದಿಬ್ಬವನ್ನು ಕಡಿದು ಸಾರ್ವಜನಿಕ ಆಟದ ಮೈದಾನ ಮಾಡಬೇಕೆಂದು ಠರಾವಾಯಿತು. ಅದಕ್ಕೊಬ್ಬ ಕಾರ್ಯದರ್ಶಿ ಬೇಕಾಯಿತು. ನಾನು ತಾಲ್ಲೂಕು ಕಚೇರಿಯ ಗುಮಾಸ್ತ, ಆ ದಿಬ್ಬಕ್ಕೆ ಅತಿ ಹತ್ತಿರದ ಮನೆ ನನ್ನದು. ಈ ಎರಡನೆಯ ಅರ್ಹತೆಯಿಂದಲೇ ನನ್ನ ಆಯ್ಕೆಯಾಯಿತು ಎಂದು ಆಗದವರು ಆಡಿಕೊಂಡರು. ಆಡಿಕೊಳ್ಳಲಿ.

ದಿಬ್ಬ ಕಡಿದು ಸಮ ಮಾಡಿದ ಮೇಲೆ ನೆಲ ಗಟ್ಟಿಯಾಗಬೇಕಲ್ಲ? ನಮ್ಮ ಮಣ್ಣು ಮಳೆಗಾಲದಲ್ಲಿ ಪಾಯಸ, ಬೇಸಿಗೆಯಲ್ಲಿ ಹಿಟ್ಟು. ಆ ಕೆಲಸಕ್ಕೆ ಬಾಳೂರಿನ ತೋಟದಿಂದ ತಮ್ಮಯ್ಯ ಮೇಸ್ತ್ರಿಯನ್ನು ಕರೆಸಿದೆವು. ಅವನಿಗೆ ಗೊತ್ತಿದ್ದ ಸಪಾಟು ನೆಲ ಒಂದೇ, ಕಾಫಿ ಕಣ. ಅವನೂ ಅವನ ಆಳುಗಳೂ ಹುತ್ತದ ಮಣ್ಣು ತಂದು ಹಾಕಿ, ಮರದ ಕೊಡತಿಯಿಂದ ಬಡಿದು, ಕೊನೆಗೆ ಸಗಣಿ ನೀರು ಹಾಕಿ ಸಾರಿಸಿದರು. ಒಣಗಿದ ಮೇಲೆ ನೋಡಬೇಕಿತ್ತು ಅದರ ಚೆಂದವನ್ನು! ನಾನು ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು ಅದರ ಮೇಲೆ ಅತ್ತಿಂದಿತ್ತ ಓಡಾಡಿದೆ. ಮೊಣಕಾಲು ಬಗ್ಗಿಸದೆ ನಡೆಯುವ ಸುಖ ಏನೆಂದು ನನಗೆ ಆವತ್ತು ತಿಳಿಯಿತು. ನಾವು ಮಾಡಿದ ದೊಡ್ಡ ತಪ್ಪು ಏನೆಂಬುದು ಮಾತ್ರ ಆವತ್ತು ತಿಳಿಯಲಿಲ್ಲ.

ನಾನು ಒಂದು ಹಲಗೆ ಬರೆಸಿದೆ. ಮೇಲೆ ದಪ್ಪಕ್ಷರದಲ್ಲಿ 'ಸಾರ್ವಜನಿಕ ಆಟದ ಮೈದಾನ.' ಅದರ ಕೆಳಗೆ 'ಅಪ್ಪಣೆಯಿಲ್ಲದೆ ಯಾರೂ ಒಳಗೆ ಬರಕೂಡದು.' ಮೆಣಸು ವ್ಯಾಪಾರದ ಇಸ್ಮಾಯಿಲ್ ಸಾಬರು ಅದನ್ನು ಎರಡು ಸಲ ಓದಿಸಿ ಕೇಳಿ, "ಮೇಲಿಂದು ಯಾರಿಗೆ ರಾಯರೆ, ಕೆಳಗಿಂದು ಯಾರಿಗೆ?" ಎಂದರು. ಸಾರ್ವಜನಿಕರು ಎಂದರೆ ಕ್ಯಾನ್ವಾಸ್ ಬೂಟು ಹಾಕಿಕೊಂಡು, ರಾಕೆಟ್ಟು ಹಿಡಿದು, ಆಟದ ನಿಯಮ ತಿಳಿದು ಬರುವವರು ಎಂದು ನಾನು ವಿವರಿಸಿದೆ. "ಅಂದ್ರೆ ನೀವು, ಅಮಲ್ದಾರ್ರು, ಡಾಕ್ಟ್ರು. ಸರಿ ಬಿಡಿ ಮಾರಾಯ್ರೆ, ದೊಡ್ಡ ಊರು ನಮ್ದು," ಎಂದು ಅವರು ಹೊರಟುಹೋದರು. ಸಂತೆಯ ದಿನ ತೋಟದ ಆಳುಗಳು ಬುತ್ತಿ ಬಿಚ್ಚಲು ಮೈದಾನದ ಅಂಚಿನಲ್ಲಿ ಕೂತರೆ ನಾನು ಕಚೇರಿಯ ಜವಾನನನ್ನು ಬಿಟ್ಟು ಎಬ್ಬಿಸುತ್ತಿದ್ದೆ. ಹಾಗೆ ಎದ್ದವರಲ್ಲಿ ನೆಲ ಬಡಿದವರೂ ಇದ್ದರು. ನನಗಾಗ ಕಾರ್ಯದರ್ಶಿತನದ ಅಮಲು ಏರಿತ್ತು, ಅದು ಕಾಣಲಿಲ್ಲ.

ಶಿವರಾತ್ರಿ ಕಳೆಯಿತು, ಚಳಿ ಹೋಗಿ ಬಿಸಿಲು ಬಂತು. ಒಂದು ಬೆಳಿಗ್ಗೆ ಎದ್ದು ನೋಡುತ್ತೇನೆ, ಮೈದಾನದ ಒಂದು ಮೂಲೆಯಲ್ಲಿ ಚಾಪೆ. ಚಾಪೆಯ ಮೇಲೆ ಕರಿಮೆಣಸು. ಪಕ್ಕದಲ್ಲಿ ಇಸ್ಮಾಯಿಲ್ ಸಾಬರ ಮುದಿತಾಯಿ ಖತೀಜಮ್ಮ ಎಲೆಅಡಿಕೆ ಹಾಕಿಕೊಂಡು ಕೂತಿದ್ದಾರೆ. ಮಾರನೆಯ ದಿನ ಇನ್ನೊಂದು ಮೂಲೆಯಲ್ಲಿ ಸಂಡಿಗೆ. ಅದರ ಮಾರನೆಯ ದಿನ ಯಾರದೋ ಹಿತ್ತಿಲ ಕಾಫಿ ಹಣ್ಣು. ವಾರ ತುಂಬುವ ಮೊದಲೇ ನೆಟ್ಟಿನ ಆಚೆ ಹಪ್ಪಳ, ಈಚೆ ಬಾಳಕದ ಮೆಣಸಿನಕಾಯಿ. ತಪ್ಪು ಆಗ ಹೊಳೆಯಿತು. ನಮ್ಮ ಕಡೆಯ ಜನಕ್ಕೆ ಸಗಣಿ ಸಾರಿಸಿದ ಸಪಾಟು ನೆಲ ಕಂಡರೆ ಕೈ ತಡೆಯುವುದಿಲ್ಲ, ಏನನ್ನಾದರೂ ತಂದು ಹರವಲೇಬೇಕು. ಒಣಗಿಸಲು ಏನೂ ಇಲ್ಲದಿದ್ದರೆ ಒಗೆದ ಕಂಬಳಿಯನ್ನಾದರೂ ತಂದು ಹರವುತ್ತಾರೆ. ಮೈದಾನ ಎಂದು ನಾವು ಹಲಗೆಯಲ್ಲಿ ಬರೆದಿದ್ದೆವು. ಕಣ ಎಂದು ತಮ್ಮಯ್ಯ ನೆಲದ ಮೇಲೇ ಬರೆದುಬಿಟ್ಟಿದ್ದ.

ನಾನು ಬೆಳಿಗ್ಗೆ ಒಂದು ಸುತ್ತು, ಸಂಜೆ ಒಂದು ಸುತ್ತು ಹೋಗಿ ಎಲ್ಲರನ್ನೂ ಗದರಿದೆ. ಹೆಂಗಸರು ತಲೆ ತಗ್ಗಿಸಿ ಕೇಳಿಸಿಕೊಂಡು, ನಾನು ಕಚೇರಿಗೆ ಹೋದ ಮೇಲೆ ಮತ್ತೆ ಬರುತ್ತಿದ್ದರು. ಒಂದು ದಿನ ಸಿಟ್ಟು ನೆತ್ತಿಗೇರಿ, ಈ ಹಪ್ಪಳ ಯಾರದೋ ಅವರನ್ನು ಅಮಲ್ದಾರರ ಮುಂದೆ ನಿಲ್ಲಿಸುತ್ತೇನೆ ಎಂದು ಕೂಗಾಡಿದೆ. ಖತೀಜಮ್ಮ ನಿಧಾನವಾಗಿ, "ಕೆಳಗಿನ ಪಂಚೆ ಯಾರ್ದು ಅಂತ ಒಂದ್ಸಲ ನೋಡಿ ಮಗಾ," ಎಂದರು. ನೋಡಿದೆ. ಅಂಚಿನಲ್ಲಿ ಶಾಯಿ ಚೆಲ್ಲಿದ ಕಲೆ ಇತ್ತು. ಆ ಶಾಯಿ ಸರ್ಕಾರದ್ದು, ಪಂಚೆ ನನ್ನದು.

ನನ್ನ ಹೆಂಡತಿಯ ಹೆಸರು ಸಾವಿತ್ರಿ. ಅವಳು ಶೃಂಗೇರಿ ಕಡೆಯವಳು, ಮಾತು ಕಡಿಮೆ. ಮನೆಗೆ ಬಂದು ನಾನು ಉದ್ದ ಭಾಷಣ ಮಾಡಿದೆ. ಕಾರ್ಯದರ್ಶಿಯ ಹೆಂಡತಿಯೇ ಹೀಗೆ ಮಾಡಿದರೆ ಊರಿಗೆ ನಾನೇನು ಹೇಳಲಿ, ಹಪ್ಪಳವನ್ನು ನಮ್ಮ ಮಾಡಿನ ಮೇಲೆ ಒಣಗಿಸಿದರೆ ಆಗುವುದಿಲ್ಲವೇ, ಮೈದಾನ ಆಡುವವರಿಗಲ್ಲವೇ ಎಂದೆಲ್ಲ ಕೇಳಿದೆ. ಅವಳು ಹಿಟ್ಟು ನಾದುತ್ತಿದ್ದಳು, ನಾದುವುದನ್ನು ನಿಲ್ಲಿಸಲಿಲ್ಲ.

"ಇದು ಹಪ್ಪಳದ ಮಾತಲ್ಲ," ಎಂದಳು.

"ಮತ್ತೆ ಎಂಥದ್ದರ ಮಾತು?"

"ಸಂಜೆ ಆದ್ರೆ ನೀವು ಕೈ ಬೀಸ್ಕೊಂಡು ಹೋಗ್ತೀರಿ. ಎಲ್ಲಿಗೆ, ಎಂತಕ್ಕೆ ಅಂತ ಯಾರೂ ಕೇಳೋದಿಲ್ಲ. ನಾವು ಹೊಸ್ತಿಲು ದಾಟ್ಬೇಕು ಅಂದ್ರೆ ಕೈಯಲ್ಲಿ ಒಂದು ಪಾತ್ರೆ ಇರ್ಬೇಕು. ನೀರಿಗೆ ಅನ್ನಬೇಕು, ಇಲ್ಲ ಹಪ್ಪಳಕ್ಕೆ ಅನ್ನಬೇಕು. ಮದುವೆಯಾಗಿ ಬಂದಾಗಿಂದ ಈ ಊರಲ್ಲಿ ನಾಲ್ಕು ಹೆಂಗಸರ ಜೊತೆ ಬಿಸಿಲಲ್ಲಿ ಕೂತು ಮಾತಾಡಿದ್ದು ಅಂತಿದ್ರೆ ಇದೇ ವರ್ಷ."

ಉತ್ತರ ಇಲ್ಲದಿದ್ದಾಗ ಗಂಡಂದಿರು ಏನು ಮಾಡುತ್ತಾರೋ ನಾನೂ ಅದನ್ನೇ ಮಾಡಿದೆ, ಕಾಫಿ ತಣ್ಣಗಾಗಿದೆ ಎಂದು ಗೊಣಗಿದೆ. ಆಮೇಲೆ ಯೋಚಿಸಿ ನೋಡಿದರೆ ಆ ವರ್ಷ ನಮ್ಮ ಮನೆಯಲ್ಲಿ ಹಪ್ಪಳ ಅತಿಯಾಗಿತ್ತು. ಬೆಳಿಗ್ಗೆ ಹಪ್ಪಳ, ಮಧ್ಯಾಹ್ನ ಹಪ್ಪಳ, ಬಂದವರಿಗೆ ಹಪ್ಪಳ, ಹೋಗುವವರ ಚೀಲಕ್ಕೆ ಹಪ್ಪಳ. ನನಗೆ ಹಪ್ಪಳ ಇಷ್ಟವೆಂದು ಅವಳು ಮಾಡುತ್ತಿದ್ದಾಳೆ ಎಂದು ಒಳಗೊಳಗೇ ಹಿಗ್ಗುತ್ತಿದ್ದೆ. ಆ ಹಿಗ್ಗೂ ಹೋಯಿತು.

ಇನ್ನೊಂದು ಸಂಗತಿಯನ್ನೂ ನಾನು ಆ ದಿನಗಳಲ್ಲಿ ಗಮನಿಸಿದ್ದೆ. ರಾಕೆಟ್ಟುಗಳು ನಮ್ಮ ಮನೆಯ ನಡುಮನೆಯಲ್ಲೇ ಇರುತ್ತಿದ್ದವು. ಸಂಜೆ ನಾನು ಕೈಗೆ ತೆಗೆದುಕೊಂಡರೆ ಹಿಡಿಯಲ್ಲಿ ಇಂಗಿನ ವಾಸನೆ. ಜವಾನ ಹಪ್ಪಳದ ಹಿಟ್ಟು ಕದ್ದು ತಿಂದು ರಾಕೆಟ್ಟು ಮುಟ್ಟುತ್ತಾನೆಂದು ತೀರ್ಮಾನಿಸಿ ಅವನಿಗೆ ಬೈದೆ. ಅವನು ಏನೋ ಹೇಳಲು ಬಾಯಿ ತೆರೆದ, ಸಾವಿತ್ರಿಯ ಮುಖ ನೋಡಿದ, ಬಾಯಿ ಮುಚ್ಚಿಕೊಂಡ.

ಅಷ್ಟರಲ್ಲಿ ದೊಡ್ಡ ಸುದ್ದಿ ಬಂತು. ಜಿಲ್ಲೆಯ ದೊಡ್ಡ ಸಾಹೇಬರು ಚಿಕ್ಕಮಗಳೂರಿನಿಂದ ಸರ್ಕೀಟು ಬರುತ್ತಾರೆ, ನಮ್ಮ ಮೈದಾನವನ್ನು ಶಾಸ್ತ್ರಕ್ಕೆ ಅವರ ಕೈಯಿಂದಲೇ ತೆರೆಸುವುದು ಎಂದಾಯಿತು. ಇದೇ ಸಮಯ ಎಂದುಕೊಂಡೆ. ಮೈದಾನಕ್ಕೆ ಸುತ್ತಲೂ ಬೇಲಿ, ಬೇಲಿಗೆ ಬಾಗಿಲು, ಬಾಗಿಲಿಗೆ ಬೀಗ ಬೇಕೆಂದು ಸಾಹೇಬರ ಮುಂದೆ ಅರಿಕೆ ಮಾಡಿಕೊಳ್ಳುವುದು. ಬೀಗದ ಕೈ ನನ್ನ ಜನಿವಾರದಲ್ಲಿ. ಭಾಷಣವನ್ನು ಮನೆಯಲ್ಲಿ ಗಟ್ಟಿಯಾಗಿ ಹೇಳಿ ಹೇಳಿ ಬಾಯಿಪಾಠ ಮಾಡಿದೆ. ಸಾವಿತ್ರಿ ಅಡಿಗೆಮನೆಯಿಂದ ಎಲ್ಲವನ್ನೂ ಕೇಳಿಸಿಕೊಂಡಳು. "ಬೇಲಿ ಬಂದ ಮೇಲೆ ನಾವು ಎಲ್ಲಿ ಕೂರೋಣ ಅಂತ ಅದರಲ್ಲಿ ಉಂಟಾ?" ಎಂದು ಒಂದೇ ಮಾತು ಕೇಳಿದಳು. ಅದರಲ್ಲಿ ಇರಲಿಲ್ಲ.

ಆ ದಿನ ಬಂತು. ಮಾವಿನ ತೋರಣ, ಬಾಳೆಕಂಬ, ಶಾಮಿಯಾನ. ಮೆಣಸು ಹಪ್ಪಳಗಳೆಲ್ಲ ಮಾಯವಾಗಿದ್ದವು. ಹೆಂಗಸರು ಆರತಿ ತಟ್ಟೆ ಹಿಡಿದು ಒಂದು ಬದಿಗೆ ಕೂತಿದ್ದರು. ತಟ್ಟೆ ಕೈಯಲ್ಲಿದ್ದದ್ದರಿಂದ ಯಾರೂ ಏನೂ ಕೇಳಲಿಲ್ಲ. ಸಾಹೇಬರ ಜೊತೆ ಅವರ ಹೆಂಡತಿಯೂ ಬಂದಿದ್ದರು. ಮೊದಲು ಸಾಹೇಬರೂ ಅಮಲ್ದಾರರೂ ಆಡಿದರು. ಅದನ್ನು ಆಟ ಎನ್ನಬೇಕೋ ಏನೋ. ಇಷ್ಟು ದಿನ ಅಮಲ್ದಾರರು ಸೋಲದಂತೆ ನಾವು ನೋಡಿಕೊಂಡಿದ್ದೆವು, ಈಗ ಸಾಹೇಬರು ಸೋಲದಂತೆ ಅಮಲ್ದಾರರು ನೋಡಿಕೊಳ್ಳಬೇಕಾಗಿತ್ತು, ಆ ಅಭ್ಯಾಸ ಪಾಪ ಅವರಿಗೆ ಇರಲಿಲ್ಲ. ಕೈತಪ್ಪಿ ಒಂದು ಚೆಂಡನ್ನು ಚೆನ್ನಾಗಿ ಹೊಡೆದುಬಿಟ್ಟು ಮುಖ ಬೆಳ್ಳಗೆ ಮಾಡಿಕೊಂಡರು. ಸಾಹೇಬರು ಹೊಡೆದದ್ದು ನೆಟ್ಟಿಗೆ ತಾಗಿದರೆ ನೆಟ್ಟು ಎತ್ತರವಾಯಿತೆಂದು ಶಿರಸ್ತೇದಾರರು ಕೆಮ್ಮುತ್ತಲೇ ಓಡಿಹೋಗಿ ತಗ್ಗಿಸಿದರು. ಚಪ್ಪಾಳೆಯೋ ಚಪ್ಪಾಳೆ.

ಸಾಹೇಬರ ಮನೆಯವರಿಗೆ ಇದನ್ನು ನೋಡಿ ಬೇಸರವಾಗಿತ್ತೆಂದು ಕಾಣುತ್ತದೆ. ಚಿಕ್ಕಮಗಳೂರಿನಲ್ಲಿ ಅವರು ಹೆಂಗಸರ ಸಂಘದಲ್ಲಿ ದಿನಾ ಆಡುವವರಂತೆ. ನನ್ನ ಕಡೆ ತಿರುಗಿ, "ನಿಮ್ಮೂರ ಹೆಂಗಸರು ಆಡೋದಿಲ್ಲವೇ?" ಎಂದು ಕೇಳಿದರು.

"ಇಲ್ಲ ಅಮ್ಮನವರೇ," ಎಂದೆ ನಾನು, ಕೈ ಜೋಡಿಸಿ, ಬಹಳ ಹೆಮ್ಮೆಯಿಂದ. "ನಮ್ಮ ಹೆಂಗಸರಿಗೆ ಆಟ ಅಂದರೆ ಏನು ಅಂತಲೇ ಗೊತ್ತಿಲ್ಲ."

ಹೆಂಗಸರ ಗುಂಪಿನಿಂದ ಕಿಸಕ್ ಎಂದು ನಗು ಕೇಳಿಸಿತು. ನಕ್ಕವರು ಖತೀಜಮ್ಮ. "ಗೊತ್ತಿಲ್ವಂತೆ ಕಣೇ ಸಾವಿತ್ರಿ," ಎಂದರು. ಸಾವಿತ್ರಿ ಆರತಿ ತಟ್ಟೆಯನ್ನು ಅವರ ಕೈಗೆ ಕೊಟ್ಟಳು, ಸೆರಗು ಸೊಂಟಕ್ಕೆ ಸಿಕ್ಕಿಸಿದಳು, ನೇರವಾಗಿ ಬಂದು ನನ್ನ ಕಂಕುಳಲ್ಲಿದ್ದ ರಾಕೆಟ್ಟನ್ನು ಎಳೆದುಕೊಂಡಳು. ಅವಳು ಅದನ್ನು ಹಿಡಿದ ರೀತಿ ನೋಡಿ ನನಗೆ ಇಂಗಿನ ವಾಸನೆ ಎಲ್ಲಿಂದ ಬಂತೆಂದು ತಟ್ಟನೆ ಹೊಳೆಯಿತು.

ಸಾಹೇಬರ ಮನೆಯವರು ಮುಂಚೂಣಿಯಲ್ಲಿ ಆಡುವವರು, ಕಾಲಿಗೆ ಬಿಳಿ ಬೂಟು ಬೇರೆ. ಇವಳು ಬರಿಗಾಲು. ಮೊದಲ ಚೆಂಡು ಇವಳ ತಲೆಯ ಮೇಲಿಂದ ಬಂತು. ಇವಳು ಹಿಂದಕ್ಕೆ ಸರಿದು, ಒಮ್ಮೆ ಕೈ ಬೀಸಿದಳು. ಅದು ನಾನು ಎಂದೂ ಕಾಣದ ಹೊಡೆತ. ಪಕ್ಕದಿಂದ ಎದ್ದು ಮೇಲೆ ಹೋಗಿ ತಟ್ಟನೆ ಕೆಳಕ್ಕೆ ಇಳಿಯುವಂಥದ್ದು. ಚೆಂಡು ನೆಟ್ಟಿನ ಆಚೆ, ಮುಟ್ಟಲಾಗದ ಕಡೆ ಬಿತ್ತು. ಆಮೇಲಿನದು ನಿಜವಾದ ಆಟ. ಇಬ್ಬರೂ ಬೆವರಿದರು, ಇಬ್ಬರೂ ಬಿಡಲಿಲ್ಲ. ಲೆಕ್ಕವನ್ನು ಖತೀಜಮ್ಮ ಕೂತಲ್ಲಿಂದಲೇ ಕೂಗುತ್ತಿದ್ದರು, ಒಮ್ಮೆಯೂ ತಪ್ಪಲಿಲ್ಲ. ಆಟ ಸಮಸಮವಾಗಿ ಕೊನೆಗೆ ಬಂತು. ಇವಳು ಗೆದ್ದರೆ ನನ್ನ ಬಡ್ತಿಯ ಗತಿಯೇನು? ನಾನು ಶಾಮಿಯಾನದ ಕಂಬದ ಮರೆಯಲ್ಲಿ ನಿಂತು, ಸೋಲು, ಸೋಲು ಎಂದು ಕಣ್ಣಿನಲ್ಲಿ, ಕೈಯಲ್ಲಿ, ಕೊನೆಗೆ ಟೋಪಿಯಲ್ಲೂ ಸನ್ನೆ ಮಾಡಿದೆ. ಅವಳು ನೋಡಿದಳು. ಚೆನ್ನಾಗಿಯೇ ನೋಡಿದಳು. ನೋಡಿ, ತಿರುಗಿ, ಇನ್ನೊಂದು ಬೀಸು ಬೀಸಿದಳು.

ಗೆದ್ದಳು. ನಾನು ಈಗಲೂ ಮುಚ್ಚುಮರೆಯಿಲ್ಲದೆ ಹೇಳುತ್ತೇನೆ, ನನಗೆ ಕಣ್ಣಲ್ಲಿ ನೀರು ಬಂತು. ಹೆದರಿಕೆಯಿಂದಲ್ಲ. ಆ ಮೈದಾನದಲ್ಲಿ ಅಷ್ಟು ದಿನ ಆಡಿದವರಲ್ಲಿ, ಎದುರಿಗೆ ಯಾರಿದ್ದಾರೆಂದು ನೋಡದೆ ಆಡಿದವಳು ಅವಳೊಬ್ಬಳೇ. ನಾವೆಲ್ಲ ಬೂಟು ಹಾಕಿಕೊಂಡು ಸಲಾಮು ಹೊಡೆಯುತ್ತಿದ್ದೆವು. ಆಟ ಅಂದರೆ ಏನು ಅಂತ ಗೊತ್ತಿಲ್ಲದವರು ಯಾರು ಎಂದು ನನಗೆ ಸ್ಪಷ್ಟವಾಯಿತು. ನಾನು ಯಾರೂ ಕೇಳದಿದ್ದರೂ, "ಅವರು ನಮ್ಮನೆಯವರು, ನಮ್ಮನೆಯವರು," ಎಂದು ಅಕ್ಕಪಕ್ಕದವರಿಗೆ ಹೇಳುತ್ತ ಹೋದೆ. ಶಿರಸ್ತೇದಾರರಿಗಂತೂ ಎರಡು ಸಲ ಹೇಳಿದೆ.

ಸಾಹೇಬರ ಮನೆಯವರು ಮುಖ ಒರೆಸಿಕೊಂಡು ನಗುತ್ತ, "ಈ ಹೊಡೆತ ನಿಮಗೆ ಯಾರು ಕಲಿಸಿದ್ದು?" ಎಂದು ಕೇಳಿದರು.

"ಕಾಗೆಗಳು, ಅಮ್ಮಾವ್ರೆ," ಎಂದಳು ಸಾವಿತ್ರಿ. "ಹಪ್ಪಳ ಕಾಯುವಾಗ ಓಡಿಸ್ತಾ ಓಡಿಸ್ತಾ ಬಂತು. ಕಾಗೆ ಇಲ್ದಾಗ ನಾವು ನಾವೇ ಆಡ್ತಿದ್ವಿ."

ಅಷ್ಟರಲ್ಲಿ ಸಾಹೇಬರು ಕಾರ್ಯದರ್ಶಿಯ ಅರಿಕೆ ಏನಿದೆ ಎಂದು ಕೇಳಿದರು. ನಾನು ಎದ್ದು ನಿಂತೆ. ಬಾಯಿಪಾಠ ಮಾಡಿದ್ದರಲ್ಲಿ ಬೇಲಿ, ಬಾಗಿಲು ಎಂಬ ಎರಡು ಮಾತು ಹೊರಬಿತ್ತು. ಬೀಗಕ್ಕೆ ಬರುವಾಗ ಸಾವಿತ್ರಿ ಕಣ್ಣಿಗೆ ಬಿದ್ದಳು, ಮುಂದಿನದು ಮರೆತುಹೋಯಿತು. ಸಾಹೇಬರು ತಮ್ಮ ಮನೆಯವರ ಕಡೆ ನೋಡಿದರು. ಜಿಲ್ಲೆಗೆಲ್ಲ ಅಪ್ಪಣೆ ಕೊಡುವವರಿಗೂ ಅಪ್ಪಣೆ ಕೊಡುವವರು ಇರುತ್ತಾರೆ ಎಂದು ನನಗೆ ಆಗ ಸಮಾಧಾನವಾಯಿತು. "ಬೇಲಿ ಒಳ್ಳೆಯದೇ," ಎಂದರು ಅಮ್ಮನವರು. "ನಡುಮಧ್ಯಾಹ್ನ ಕಳೆದ ಮೇಲೆ ದೀಪ ಹಚ್ಚುವವರೆಗೆ ಹೆಂಗಸರಿಗೆ ಬಿಡಿ. ಆ ಹೊತ್ತಲ್ಲಿ ಗಂಡಸರು ಒಳಗೆ ಬರಬಾರದು." ಸಂತೆಯ ದಿನ ಏನು ಮಾಡುವುದು ಎಂದು ಯಾರೋ ಕೇಳಿದರು. "ಆವತ್ತು ನೆಲ ಬಡಿದೋರಿಗೆ," ಎಂದಳು ಸಾವಿತ್ರಿ. ತಮ್ಮಯ್ಯ ಮೇಸ್ತ್ರಿ ಜನದ ಹಿಂದೆ ನಿಂತಿದ್ದ. ಅವನು ಮುಂಡಾಸು ತೆಗೆದು ಮತ್ತೆ ಸುತ್ತಿಕೊಂಡ. ಸಾಹೇಬರು ಹಾಗೇ ಆಗಲಿ ಎಂದರು.

ಹೀಗೆ ಬೇಲಿ ಕೇಳಿದವನೂ ನಾನೇ, ಬೇಲಿಯ ಹೊರಗೆ ಉಳಿದವನೂ ನಾನೇ. ಹಪ್ಪಳ ಮೆಣಸುಗಳಿಗೆ ಒಂದು ಅಂಚು ಬಿಟ್ಟುಕೊಟ್ಟೆವು. ಆಮೇಲೆ ಒಂದು ಮಧ್ಯಾಹ್ನ ನಾನು ರಜೆಯಲ್ಲಿ ಮನೆಯಲ್ಲಿದ್ದೆ. ಸಾವಿತ್ರಿ ತಲೆ ಬಾಚಿಕೊಂಡು, ಕುಂಕುಮ ಸರಿಮಾಡಿಕೊಂಡು ಹೊರಟಳು. ಕೈಯಲ್ಲಿ ಪಾತ್ರೆ ಇಲ್ಲ, ಬುಟ್ಟಿ ಇಲ್ಲ. ಎರಡೂ ಕೈ ಬೀಸಿಕೊಂಡು ಬೀದಿಯ ನಡುವೆ ಇಳಿದುಹೋದಳು. ನಾನು ಎಲ್ಲಿಗೆ ಎಂದು ಕೇಳಲಿಲ್ಲ, ಜಗುಲಿಯ ಮೇಲೆ ನಿಂತು ಅವಳು ತಿರುವು ದಾಟುವವರೆಗೂ ನೋಡಿದೆ. ಎದುರುಮನೆಯವರು ನೋಡಲಿ ಎಂದು ಬೇಕೆಂದೇ ನಿಂತೆ.

ನಿಂತವನಿಗೆ ಬಿಸಿಲು ಇಳಿಯುವ ಹೊತ್ತಿಗೆ ಆಟ ನೋಡುವ ಆಸೆ ತಡೆಯಲಾಗಲಿಲ್ಲ. ಆದರೆ ಆ ಹೊತ್ತಿನಲ್ಲಿ ಗಂಡಸು ಸುಮ್ಮನೆ ಹೋಗುವಂತಿಲ್ಲ, ಏನಾದರೊಂದು ನೆಪ ಬೇಕು. ಮನೆಯೆಲ್ಲ ಹುಡುಕಿದೆ. ಕೊನೆಗೆ ಗೂಟದಲ್ಲಿದ್ದ ಕೊಡೆ ತೆಗೆದುಕೊಂಡು ಹೊರಟೆ. ಆಕಾಶ ತೊಳೆದಿಟ್ಟ ಹಾಗೆ ಇತ್ತು. ಬೇಲಿಯ ಬಾಗಿಲಲ್ಲಿ ಖತೀಜಮ್ಮ ಕೂತಿದ್ದರು.

"ಎಂತಕ್ಕೆ ಬಂದ್ರಿ?" ಎಂದರು.

"ಮಳೆ ಬಂದರೂ ಬಂತು ಅಂತ... ಕೊಡೆ ಕೊಡೋಣ ಅಂತ..."

ಕಾಫಿ ಗಿಡ ಅರಳಿಸುವ ಹೂಮಳೆಗಾಗಿ ತೋಟದವರೆಲ್ಲ ಬಾಯಿ ಬಾಯಿ ಬಿಡುತ್ತಿದ್ದ ಕಾಲ ಅದು. ಆಡುತ್ತಿದ್ದ ಹೆಂಗಸರೆಲ್ಲ ಆಟ ನಿಲ್ಲಿಸಿ ಆಕಾಶ ನೋಡಿದರು, ಆಮೇಲೆ ನನ್ನನ್ನು ನೋಡಿದರು. "ನಿಮ್ಮ ಬಾಯಿಗೆ ಸಕ್ಕರೆ ಹಾಕ," ಎಂದರು ಖತೀಜಮ್ಮ, ಬಾಗಿಲಿನಿಂದ ಕದಲದೆ. ನಾನು ಪೆಚ್ಚಾಗಿ ಹಿಂತಿರುಗಬೇಕೆನ್ನುವಷ್ಟರಲ್ಲಿ ಸಾವಿತ್ರಿ ಒಳಗಿಂದ, "ಬಿಡಿ ಅಮ್ಮಾ, ಪಾಪ, ನಮ್ಮನೆಯವರು," ಎಂದಳು. ಆಮೇಲೆ ನನಗೆ, "ಕೊಡೆ ಬಿಚ್ಚಿ ಹಿಡ್ಕೊಂಡು ಆ ಮೂಲೇಲಿ ಕೂತ್ಕೊಳಿ. ಮಾತಾಡ್ಬೇಡಿ," ಎಂದಳು.

ಮಳೆಯೂ ಇಲ್ಲದ, ಬಿಸಿಲೂ ಇಳಿದಿದ್ದ ಆ ಸಂಜೆ ನಾನು ಕೊಡೆ ಬಿಚ್ಚಿ ಹಿಡಿದುಕೊಂಡು ಮೂಲೆಯಲ್ಲಿ ಕೂತೆ. ಬೇಲಿಯಾಚೆ ಅಮಲ್ದಾರರೂ ಡಾಕ್ಟರೂ ಶಿರಸ್ತೇದಾರರೂ ಸಂದಿಯಿಂದ ಇಣುಕುತ್ತಿದ್ದರು. ಊರಿನ ಗಂಡಸರ ಪೈಕಿ ಒಳಗಿದ್ದವನು ನಾನೊಬ್ಬನೇ. ಕಾರ್ಯದರ್ಶಿ ಎಂದಲ್ಲ, ಅವಳ ಕಡೆಯವನೆಂದು. ಅವರಿಗೆ ಚೆನ್ನಾಗಿ ಕಾಣಲಿ ಎಂದು ಕೊಡೆಯನ್ನು ಇನ್ನೂ ಸ್ವಲ್ಪ ಎತ್ತರಕ್ಕೆ ಹಿಡಿದೆ.